ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಾತನಾಡುವವರು ಇಬ್ಬರು. ಒಬ್ಬರು ಗೋಕಾಕ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ ಮಾಸ್ತರರು. ಇನ್ನೊಬ್ಬರು ಹುಕ್ಕೇರಿ ತಾಲ್ಲೂಕಿನ ಕಬ್ಬಿನ ಸೀಮೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿ ಮೊದಲಿಟ್ಟು, ಈಗ ಮೂಡಲಗಿಯ ಕಡೆಯಲ್ಲಿ ಮೇಲ್ವಿಚಾರಕಿಯಾಗಿರುವ ಅಕ್ಕನವರು.

ಮಾಸ್ತರರು: ಅಕ್ಕನವರೇ, ಶಿಶುಶಿಕ್ಷಣದ ಸಭೆಗಳಲ್ಲಿ ಈಚೆಗೆ ‘ವೈವಿಧ್ಯ’, ‘ಒಳಗೊಳ್ಳುವಿಕೆ’ ಎಂಬ ಎರಡು ಮಾತುಗಳು ಪದೇ ಪದೇ ಕಿವಿಗೆ ಬೀಳುತ್ತಿರುವುದರಿಂದ ನನ್ನ ಮನಸ್ಸು ಒಂದಿಷ್ಟು ಕಳವಳಗೊಂಡಿದೆ. ಮೂರು ನಾಲ್ಕು ವರ್ಷದ ಕೂಸು, ತನ್ನ ಮಗ್ಗುಲಲ್ಲಿ ಕುಳಿತ ಕೂಸಿನ ಜಾತಿ ಯಾವುದು, ಮನೆಮಾತು ಯಾವುದು, ಅದರ ತಂದೆ ದುಡಿಯುವುದು ಗೋಕಾಕ ಫಾಲ್ಸಿನ ಗಿರಣಿಯಲ್ಲಿಯೋ ಪರರ ಹೊಲದಲ್ಲಿಯೋ ಎಂಬುದೊಂದನ್ನೂ ಎಣಿಸದೆ, ಒಂದೇ ಮಣ್ಣಿನ ಗುಡ್ಡೆಗೆ ಕೈಯಿಟ್ಟು ಆಡುತ್ತದೆ. ಅದರ ಮುಂದೆ ನಾವು ಹೋಗಿ ನಿಂತು, ‘ನೋಡು, ಇವನು ನಿನ್ನಂಥವನಲ್ಲ, ಆದರೂ ಇವನನ್ನು ಪ್ರೀತಿಸು’ ಎಂದು ಬೋಧಿಸಿದರೆ, ನಾವು ಕಲಿಸಿದ್ದು ಪ್ರೀತಿಯನ್ನೋ ಭೇದವನ್ನೋ?

ಅಕ್ಕನವರು: ತಮ್ಮ ಕಳವಳ ನಿರಾಧಾರವಾದುದಲ್ಲ, ಮಾಸ್ತರರೇ. ಹಾಗೆ ಬೋಧಿಸಬಾರದೆಂಬುದರಲ್ಲಿ ನಾನೂ ತಮ್ಮ ಕಡೆಯವಳೇ. ಆದರೆ ಕೂಸು ಭೇದವನ್ನು ಕಾಣುವುದೇ ಇಲ್ಲವೆಂಬ ಮಾತನ್ನು, ಇಷ್ಟು ಕಾಲ ಅವುಗಳ ನಡುವೆಯೇ ಕುಳಿತು ಎದ್ದ ಮೇಲೆ, ನಾನು ಒಪ್ಪಲಾರೆನು. ಕೂಸು ಕಾಣುತ್ತದೆ; ನಮಗಿಂತ ಚುರುಕಾಗಿಯೇ ಕಾಣುತ್ತದೆ. ಕ್ಯಾಥರೀನ್ ಕಿಂಜ್ಲರ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಬೋಸ್ಟನ್ ಮತ್ತು ಪ್ಯಾರಿಸ್ ನಗರಗಳ ಹತ್ತು ತಿಂಗಳ ಕೂಸುಗಳ ಮುಂದೆ ಒಬ್ಬರು ಇಂಗ್ಲಿಷಿನಲ್ಲಿಯೂ ಇನ್ನೊಬ್ಬರು ಫ್ರೆಂಚಿನಲ್ಲಿಯೂ ಮಾತನಾಡಿ, ಬಳಿಕ ಇಬ್ಬರೂ ಮೌನವಾಗಿ ಒಂದೇ ಬಗೆಯ ಆಟಿಗೆಯನ್ನು ಒಡ್ಡಿದಾಗ, ಬೋಸ್ಟನ್ನಿನ ಕೂಸುಗಳು ಹೆಚ್ಚಾಗಿ ಇಂಗ್ಲಿಷಿನವರ ಕೈಯಿಂದಲೂ ಪ್ಯಾರಿಸ್ಸಿನ ಕೂಸುಗಳು ಹೆಚ್ಚಾಗಿ ಫ್ರೆಂಚಿನವರ ಕೈಯಿಂದಲೂ ಅದನ್ನು ತೆಗೆದುಕೊಂಡವು. ಇನ್ನೂ ನೆಟ್ಟಗೆ ಒಂದು ಮಾತನ್ನಾಡಲು ಬಾರದ ಕೂಸು ಮಾತಿನಿಂದಲೇ ತನ್ನವರನ್ನು ಆರಿಸಿಕೊಂಡಿತೆಂದರೆ, ಹುಕ್ಕೇರಿಯ ಸೀಮೆಯಂಥ ಕಡೆಯಲ್ಲಿ, ಎಂದರೆ ಒಂದೇ ಊರಿನಲ್ಲಿ ಕನ್ನಡ ಶಾಲೆ, ಮರಾಠಿ ಶಾಲೆ, ಉರ್ದು ಶಾಲೆಗಳು ಬೇರೆ ಬೇರೆಯಾಗಿ ನಡೆಯುವಲ್ಲಿ, ಅದು ಎಷ್ಟನ್ನು ಗ್ರಹಿಸಿಬಿಟ್ಟಿರುತ್ತದೆಂಬುದನ್ನು ತಾವೇ ಊಹಿಸಬಹುದು.

ಮಾಸ್ತರರು: ಮಾತಿನ ಗುರುತು ಹಿಡಿಯುವುದು ಒಂದು, ಹೊರಗಿಡುವುದು ಇನ್ನೊಂದು. ತಾಯಿಯ ದನಿಗೆ ತಿರುಗುವ ಕೂಸಿನಲ್ಲಿ ದ್ವೇಷವಿದೆಯೆಂದು ಯಾರೂ ಹೇಳರು.

ಅಕ್ಕನವರು: ದ್ವೇಷವಿಲ್ಲ, ನಿಜ. ಆದರೆ ದ್ವೇಷವಿಲ್ಲದೆಯೂ ಬಾಗಿಲು ಮುಚ್ಚಬಹುದು. ನಮ್ಮ ಕಡೆ ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರ್ಖಾನೆಗಳು ಹೊಗೆಯಾಡತೊಡಗಿದೊಡನೆ ಕಬ್ಬು ಕಡಿಯುವ ಗ್ಯಾಂಗಿನವರು ಬಂದಿಳಿಯುವುದನ್ನು ತಾವು ಬಲ್ಲಿರಿ. ಬೀಡ ಜಿಲ್ಲೆಯಿಂದ ಬಂದ ಮರಾಠಿಗರು, ತಮ್ಮ ಮಾತನ್ನೇ ಆಡುವ ಲಂಬಾಣಿಗರು, ಎತ್ತಿನ ಗಾಡಿಯ ಮೇಲೆ ಕೋಳಿ, ಪಾತ್ರೆ, ಕೂಸುಗಳನ್ನೆಲ್ಲ ಹೇರಿಕೊಂಡು ಬಂದು, ಗದ್ದೆಯ ಅಂಚಿನಲ್ಲಿ ಕಬ್ಬಿನ ರವದಿಯ ಗುಡಿಸಲು ಹಾಕುತ್ತಾರೆ. ಅಂಥ ಗುಡಿಸಲಿನ ಹುಡುಗನೊಬ್ಬನು, ನಾಲ್ಕರ ಪ್ರಾಯದವನು, ನನ್ನ ಕೇಂದ್ರಕ್ಕೆ ಬಂದು ಹೊಸ್ತಿಲ ಮೇಲೆ ಕುಳಿತನು. ಒಳಗೂ ಬಾರನು, ಹೊರಗೂ ಹೋಗನು. ಊರಿನ ಮಕ್ಕಳು ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಅವನ ಮಗ್ಗುಲಿನಿಂದ ಓಡಾಡುತ್ತ, ಅವನನ್ನು ದಾಟಿ ನೀರು ಕುಡಿಯಲು ಹೋಗುತ್ತ, ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಆಡಿಕೊಂಡಿದ್ದರು. ಅಂಥ ಇಲ್ಲದಿರುವಿಕೆಯನ್ನು ನಾಲ್ಕು ವರ್ಷಕ್ಕೇ ಅನುಭವಿಸಿದ ಕೂಸಿಗೆ ಅದರ ಹೆಸರು ಗೊತ್ತಿರಬೇಕಾಗಿಲ್ಲ; ಅದರ ಭಾರವಂತೂ ಗೊತ್ತಿರುತ್ತದೆ.

ಮಾಸ್ತರರು: ಆಗ ತಾವು ಮಾಡಿದ್ದೇನು? ಮಕ್ಕಳನ್ನು ಕೂಡಿಸಿ ಬುದ್ಧಿ ಹೇಳಿದಿರೋ?

ಅಕ್ಕನವರು: ಹೇಳಿದ್ದರೆ ಅವರು ಅವನ ಕೈಹಿಡಿದು ಎಳೆತಂದು ನಡುವೆ ಕೂಡಿಸಿ, ಅರ್ಧ ಗಳಿಗೆಯಲ್ಲಿ ಮರೆತುಬಿಡುತ್ತಿದ್ದರು. ನಾನು ಹಸಿಮಣ್ಣನ್ನು ತಂದು ನಡುಮನೆಯಲ್ಲಿ ಸುರಿದು, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಾಡುವಂತೆ ಎತ್ತುಗಳನ್ನು ಮಾಡಿರೆಂದೆನು; ಬಳಿಕ ಬೆಂಕಿಪೊಟ್ಟಣಗಳನ್ನಿಟ್ಟು ಗಾಡಿ ಹೂಡಿರೆಂದೆನು. ಎತ್ತುಗಳಾದವು, ಗಾಡಿಯೂ ಆಯಿತು. ಆದರೆ ನೊಗ ಕಟ್ಟುವ ಬಗೆ ಟ್ರ್ಯಾಕ್ಟರಿನ ಕಾಲದ ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು? ಹೊಸ್ತಿಲ ಮೇಲಿನವನು ತಡೆಯಲಾರದೆ ಎದ್ದು ಬಂದನು. ದಾರವನ್ನು ಹೇಗೆ ಸುತ್ತಬೇಕು, ಹೇರು ಹೆಚ್ಚಾದರೆ ಗಾಡಿ ಹಿಂದಕ್ಕೆ ಜೋಲುವುದರಿಂದ ಭಾರವನ್ನು ಎಲ್ಲಿಡಬೇಕು ಎಂಬುದನ್ನೆಲ್ಲ ಒಂದು ಮಾತೂ ಇಲ್ಲದೆ ಮಾಡಿ ತೋರಿಸಿ, ಅನಂತರ ತನ್ನ ಅಪ್ಪ ಎತ್ತುಗಳಿಗೆ ಹಾಕುವ ಕೂಗನ್ನು ಹಾಕಿದನು. ಮರುದಿನ ನನ್ನ ಕೇಂದ್ರದ ಅಷ್ಟೂ ಮಕ್ಕಳು ಅದೇ ಮರಾಠಿ ಕೂಗಿನಲ್ಲಿ ಎತ್ತು ಹೊಡೆಯುತ್ತಿದ್ದರು. ಅವನಿಗೆ ದಯೆ ತೋರಿಸಿರೆಂದು ನಾನು ಅವರಿಗೆ ಹೇಳಿರಲಿಲ್ಲ. ಆ ಆಟಕ್ಕೆ ಅವನು ಬೇಕಾಗಿದ್ದನು, ಬೇಕಾದುದರಿಂದ ಕಂಡನು.

ಮಾಸ್ತರರು: ಇದನ್ನು ನಾನು ಒಪ್ಪುತ್ತೇನೆ, ಆದರೆ ಇದಕ್ಕೆ ಹೊರನಾಡಿನ ಪರೀಕ್ಷೆಗಳೂ ಹೊಸ ಮಾತುಗಳೂ ಏತಕ್ಕೆ ಬೇಕೆಂಬುದೇ ನನ್ನ ಪ್ರಶ್ನೆ. ನಮ್ಮ ನೆಲದ ಆಟಗಳು ತಲೆಮಾರುಗಳಿಂದ ಮಾಡಿಕೊಂಡು ಬಂದುದು ಇದನ್ನೇ ಅಲ್ಲವೇ? ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಕುಸುಬಿ ಕಾಳು, ಗುಲಗಂಜಿಗಳಿಂದ ಸಿಂಗರಿಸುವಾಗ ಓಣಿಯ ಕೂಸುಗಳೆಲ್ಲ ಸುತ್ತ ಕೂಡುತ್ತವೆ. ಮಳೆ ಹಿಂದೆಗೆದರೆ ಹಲಗೆಯ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ, ನೀರು ಹೊಯ್ಯಿಸಿಕೊಂಡು, ಹಿಟ್ಟು ಬೇಡಿ ತಂದು, ಕೂಡಿ ಅಟ್ಟು ಕೂಡಿ ಉಣ್ಣುತ್ತವೆ. ಮೊಹರಮ್ಮಿನಲ್ಲಿ ಹಿಂದೂ ತಾಯಂದಿರೂ ಹರಕೆ ಹೊತ್ತು ತಮ್ಮ ಮಕ್ಕಳನ್ನು ಫಕೀರರನ್ನಾಗಿ ಮಾಡುವುದನ್ನೂ, ಹುಲಿಯ ವೇಷದ ಹುಡುಗರು ಹಲಗೆಯ ಬಡಿತಕ್ಕೆ ಕುಣಿಯುವಾಗ ಯಾರ ಮಗ ಯಾರೆಂಬುದೇ ತಿಳಿಯದಂತಾಗುವುದನ್ನೂ ನಾವಿಬ್ಬರೂ ಕಂಡವರು. ಮೇಲಾಗಿ ವೇಷ ಕಟ್ಟುವುದು ಈ ಮಣ್ಣಿನ ಸ್ವಭಾವ. ಪಾರಿಜಾತದಾಟಕ್ಕೆ ರೂಪು ಕೊಟ್ಟ ತಮ್ಮಣ್ಣನ ಕುಲಗೋಡವೂ, ಗಂಡಸರೇ ಹೆಣ್ಣಿನ ವೇಷ ಹಾಕುತ್ತಿದ್ದ ರಂಗಕ್ಕೆ ಹೆಣ್ಣಾಗಿ ಬಂದು ಹೆಸರು ಗಳಿಸಿದ ನಿಂಗಮ್ಮನ ಕೌಜಲಗಿಯೂ ಹಳೆಯ ಗೋಕಾಕ ತಾಲ್ಲೂಕಿನ ಊರುಗಳೇ. ಮತ್ತೊಬ್ಬರ ಉಡುಪಿನೊಳಗೆ ಹೊಕ್ಕು ಮತ್ತೊಬ್ಬರ ಸುಖದುಃಖಗಳನ್ನಾಡುವ ವಿದ್ಯೆ ಇಲ್ಲಿಯ ಮಕ್ಕಳಿಗೆ ಹೊಸದಾಗಿ ಬರಬೇಕಾದುದಲ್ಲ.

ಅಕ್ಕನವರು: ಈ ಸಂಪತ್ತು ನಮ್ಮದೆಂಬ ಅಭಿಮಾನ ನನಗೂ ಉಂಟು. ಆದರೆ ಗುರ್ಜಿಯ ವಿಷಯ ಎತ್ತಿದಿರಾದ್ದರಿಂದ ಕೇಳುತ್ತೇನೆ: ಗುರ್ಜಿ ಯಾವ ಯಾವ ಮನೆಯ ಮುಂದೆ ನಿಲ್ಲುತ್ತದೆ?

ಮಾಸ್ತರರು: ಊರ ಮನೆಗಳ ಮುಂದೆಲ್ಲ.

ಅಕ್ಕನವರು: ಊರ ಮನೆಗಳೆಂದಿರಿ, ಕೇರಿಯ ಮನೆಗಳೋ? ಎಲ್ಲ ಊರುಗಳ ಮಾತನ್ನು ನಾನು ಹೇಳಲಾರೆನು. ಆದರೆ ನಾನು ನೋಡಿದ ಒಂದು ಊರಿನಲ್ಲಿ ಗುರ್ಜಿ ಹೊತ್ತ ಮಕ್ಕಳ ಮೇಳವು ಒಂದು ತಿರುವಿನವರೆಗೆ ಹೋಗಿ, ಯಾರೂ ಬೇಡವೆನ್ನದಿದ್ದರೂ, ತಾನಾಗಿ ಹಿಂದಿರುಗಿತು. ಮುಂದೆ ನಡೆಯುತ್ತಿದ್ದ ದೊಡ್ಡ ಹುಡುಗಿಗೆ ಅದು ಗೊತ್ತಿತ್ತು. ಅವಳ ಸೆರಗು ಹಿಡಿದು ನಡೆಯುತ್ತಿದ್ದ ನಾಲ್ಕು ವರ್ಷದ ತಂಗಿಗೆ ಅಂದು ಗೊತ್ತಾಯಿತು. ಮಳೆ ಎಲ್ಲರ ಹೊಲಕ್ಕೂ ಬೇಕು, ಆದರೆ ಬೇಡುವ ಮನೆಗಳಿಗೆ ಒಂದು ಗಡಿಯುಂಟು ಎಂಬ ಪಾಠವನ್ನು ಯಾವ ಗುರುವೂ ಹೇಳಲಿಲ್ಲ, ಯಾವ ಪುಸ್ತಕವೂ ಹೇಳಲಿಲ್ಲ. ಆ ಕೂಸಿನ ಕಾಲುಗಳೇ ಅದನ್ನು ಕಲಿತವು. ಆಟವು ಬಹಳ ಚೆನ್ನಾಗಿ ಕಲಿಸುತ್ತದೆ, ಮಾಸ್ತರರೇ. ಅದರ ಮೂಲಕ ಏನು ಒಳಗೆ ಹೋಗುತ್ತದೆಂಬುದನ್ನು ನಾವು ನೋಡುತ್ತಿರಬೇಕಾದುದು ಆ ಕಾರಣಕ್ಕಾಗಿಯೇ. ಮೇಳವು ಮುಂದಿನ ವರುಷ ಆ ತಿರುವನ್ನು ದಾಟಿತೆಂದರೆ, ಅದೇ ಕಾಲುಗಳು ಬೇರೊಂದನ್ನು ಕಲಿಯುತ್ತವೆ. ಅದಕ್ಕೆ ಉಪನ್ಯಾಸ ಬೇಕಿಲ್ಲ, ಜೊತೆಗೆ ನಡೆಯುವ ಒಬ್ಬ ಅಕ್ಕನೋ ಅಜ್ಜಿಯೋ ಬೇಕು.

ಮಾಸ್ತರರು: ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಒಂದು ಕಟ್ಟಳೆಯನ್ನಾದರೂ ತಾವು ಮೆಚ್ಚಲೇಬೇಕು. ದೊಡ್ಡ ಮಕ್ಕಳ ಆಟದಲ್ಲಿ ಸೇರಬೇಕೆಂದು ಚಿಕ್ಕ ಕೂಸು ಅತ್ತರೆ, ಅಥವಾ ಕಾಲಲ್ಲಿ ಬಲವಿಲ್ಲದ, ಕಣ್ಣು ಮಂದವಾದ ಮಗುವೊಂದು ಆಸೆಪಟ್ಟು ನಿಂತರೆ, ನಮ್ಮ ಮಕ್ಕಳು ಅದನ್ನು ಓಡಿಸುವುದಿಲ್ಲ. ‘ಬಾ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಾರೆ. ಅದು ಓಡಬಹುದು, ಕೂಗಬಹುದು, ಅಡಗಬಹುದು. ಹಿಡಿದರೂ ಅದು ಔಟಾಗುವುದಿಲ್ಲ. ಯಾವ ಶಿಕ್ಷಣತಜ್ಞನೂ ಹೇಳಿಕೊಡದೆ ಮಕ್ಕಳೇ ಕಂಡುಕೊಂಡ ಈ ಔದಾರ್ಯಕ್ಕಿಂತ ದೊಡ್ಡ ಒಳಗೊಳ್ಳುವಿಕೆ ಯಾವುದು?

ಅಕ್ಕನವರು: ಇದರ ವಿಚಾರವಾಗಿಯೇ ನಾನು ಬಹಳ ದಿನಗಳಿಂದ ಯೋಚಿಸಿದ್ದೇನೆ. ಎರಡೂವರೆ ವರ್ಷದ ಕೂಸಿಗೆ ಅದು ಔದಾರ್ಯವೇ ಸರಿ, ಏಕೆಂದರೆ ಅದು ನಾಳೆ ದೊಡ್ಡದಾಗುತ್ತದೆ, ಲೆಕ್ಕಕ್ಕೂ ಬರುತ್ತದೆ. ಆದರೆ ಕಾಲಲ್ಲಿ ಬಲವಿಲ್ಲದ ಮಗು ನಾಳೆಯೂ ಹಾಗೆಯೇ ಇರುತ್ತದೆ, ನಾಡಿದ್ದೂ ಹಾಗೆಯೇ ಇರುತ್ತದೆ. ಅದಕ್ಕೆ ಈ ಕಟ್ಟಳೆಯು ಆಯುಷ್ಯದುದ್ದದ ಸ್ಥಾನವಾಗಿಬಿಡುತ್ತದೆ. ಔಟಾಗದವನು ಗೆಲ್ಲುವುದೂ ಇಲ್ಲವೆಂಬುದನ್ನು ಮೂರು ವರ್ಷದ ಕೂಸೂ ಅರಿಯುತ್ತದೆ. ಯಾರೂ ಅದನ್ನು ತಮ್ಮ ಪಂಗಡಕ್ಕೆ ಬೇಕೆಂದು ಕರೆಯುವುದಿಲ್ಲ, ಅದರಿಂದ ಯಾರಿಗೂ ಸೋಲಿಲ್ಲ, ಅದು ಮನೆಗೆ ಹೊರಟುಹೋದರೆ ಆಟ ನಿಲ್ಲುವುದಿಲ್ಲ. ದೊಡ್ಡವರ ಲೋಕದಲ್ಲಿಯೂ ನಾವು ಎಷ್ಟು ಜನರನ್ನು ಹೀಗೆಯೇ ಸೇರಿಸಿಕೊಂಡಿದ್ದೇವೆಂಬುದನ್ನು ಎಣಿಸಿ ನೋಡಿರಿ: ಜಾತ್ರೆಗೆ ಉಂಟು, ಪಂಚಾಯಿತಿಗೆ ಇಲ್ಲ, ದುಡಿಮೆಗೆ ಉಂಟು, ಪಂಕ್ತಿಗೆ ಇಲ್ಲ. ಆ ಅಭ್ಯಾಸದ ಮೊದಲ ಪಾಠ ಅಂಗಳದ ಈ ಆಟದಲ್ಲಿಯೇ ನಡೆಯುತ್ತಿರಬಹುದೆಂಬ ಸಂಶಯ ಒಮ್ಮೆ ನನ್ನನ್ನು ಹಿಡಿದ ಮೇಲೆ, ಮತ್ತೆ ಬಿಡಲಿಲ್ಲ.

ಮಾಸ್ತರರು: ಹಾಗಾದರೆ ಕುಂಟಾಟವನ್ನು ಕಾಲಿಲ್ಲದ ಮಗುವಿನಿಂದ ಆಡಿಸುವುದೇ? ಅದು ನಿರ್ದಯೆಯಾದೀತು.

ಅಕ್ಕನವರು: ನಾನು ಆಡಿಸಲಿಲ್ಲ, ಮಕ್ಕಳೇ ಆಡಿದರು. ಮೂಡಲಗಿಯ ಕಡೆಯ ಒಂದು ಕೇಂದ್ರದಲ್ಲಿ ಎಡಗಾಲು ಸೊರಗಿದ ಹುಡುಗಿಯೊಬ್ಬಳಿದ್ದಳು. ಅಂಗಳದಲ್ಲಿ ಚೌಕ ಬರೆದು ಬಿಲ್ಲೆಯೆಸೆಯುವಾಗ ಅವಳು ಗೋಡೆಗೊರಗಿ ಕುಳಿತು, ಯಾರ ಕಾಲು ಗೆರೆಗೆ ತಾಕಿತೆಂಬುದನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದಳು. ಆದರೆ ಅವಳ ಮಾತನ್ನು ಯಾರೂ ಪ್ರಮಾಣವೆಂದು ಎಣಿಸುತ್ತಿರಲಿಲ್ಲ. ಅಲ್ಲಿಯ ಕಾರ್ಯಕರ್ತೆ ಒಂದು ಪ್ರಶ್ನೆಯನ್ನು ಮಾತ್ರ ಮಕ್ಕಳ ನಡುವೆ ಇಟ್ಟಳು: ಇವಳೂ ಗೆಲ್ಲಬಹುದಾದಂತೆ ಆಟ ಹೇಗಿರಬೇಕು? ಉತ್ತರವನ್ನು ತಾನು ಹೇಳಲಿಲ್ಲ. ಎರಡು ದಿನ ಕಾದಳು. ಮಕ್ಕಳು ಹಲವು ಉಪಾಯಗಳನ್ನು ತೆಗೆದು, ಜಗಳಾಡಿ, ಕಡೆಗೆ ಜೋಡಿ ಕಟ್ಟಿದರು. ಬಿಲ್ಲೆಯೆಸೆಯುವವಳು ಒಬ್ಬಳು, ಕುಂಟುವವಳು ಒಬ್ಬಳು; ಮನೆ ಗೆದ್ದರೆ ಇಬ್ಬರದೂ, ಗೆರೆ ತುಳಿದರೆ ಇಬ್ಬರೂ ಔಟು. ಅವಳ ಕೈಯ ಗುರಿ ನೆಟ್ಟಗಿತ್ತು. ಒಂದು ವಾರದೊಳಗಾಗಿ ಅವಳ ಜೋಡಿಯಾಗಲು ಮಕ್ಕಳು ಜಗಳಾಡತೊಡಗಿದರು. ಅವಳೂ ಗೆರೆಯ ವಿಷಯದಲ್ಲಿ ಪಕ್ಷಪಾತ ಮಾಡಿದಳೆಂದು ಬಯ್ಯಿಸಿಕೊಂಡಳು, ಸೋತು ಅತ್ತಳು. ಆ ಅಳು ನನಗೆ ಬಹಳ ಮುಖ್ಯವಾಗಿ ತೋರಿತು. ಲೆಕ್ಕಕ್ಕೆ ಬಂದವರಿಗೆ ಮಾತ್ರ ಸೋಲುವ ಅಧಿಕಾರವುಂಟು.

ಮಾಸ್ತರರು: ಸರ್ಕಾರದ ಕಡೆಯಿಂದ ಇದಕ್ಕೇನಾದರೂ ಬೆಂಬಲ ಉಂಟೋ?

ಅಕ್ಕನವರು: ಕಾಗದದ ಮೇಲೆ ಉಂಟು, ಅದು ಕಡಮೆಯದೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾನೂನು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಅಂಗನವಾಡಿಗಳಿಗೆಂದೇ, ಅಂಥ ಮಕ್ಕಳನ್ನು ಹೇಗೆ ಗುರುತಿಸಬೇಕು, ಹೇಗೆ ಸೇರಿಸಿಕೊಳ್ಳಬೇಕು, ಮನೆಯವರಿಗೆ ಹೇಗೆ ಒತ್ತಾಸೆಯಾಗಬೇಕೆಂಬ ಕ್ರಮವನ್ನು ಹೊರಡಿಸಿತು. ಆದರೆ ಅಕ್ಕಿ-ಬೇಳೆಯ ಲೆಕ್ಕ, ತೂಕದ ಪಟ್ಟಿ, ಚುಚ್ಚುಮದ್ದಿನ ದಿನ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಇವುಗಳ ನಡುವೆ ಒಬ್ಬ ಕಾರ್ಯಕರ್ತೆಗೆ ಎರಡು ದಿನ ಕಾಯುವ ಅವಕಾಶ ಎಲ್ಲಿದೆ? ಆಕೆಗೆ ಸಮಯವನ್ನು ಕೊಡದೆ ಒಳಗೊಳ್ಳುವಿಕೆಯನ್ನು ಕೇಳುವುದು ನ್ಯಾಯವಲ್ಲ. ಇದನ್ನು ನಾನು ಎಲ್ಲ ಸಭೆಗಳಲ್ಲಿಯೂ ಹೇಳುತ್ತ ಬಂದಿದ್ದೇನೆ, ಇನ್ನು ಮುಂದೆಯೂ ಹೇಳುತ್ತೇನೆ. ಅಂಗನವಾಡಿಯ ಕಲ್ಪನೆಯೇ ತಾಳ್ಮೆಯಿಂದ ಹುಟ್ಟಿದ್ದು. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಗ್ರಾಮದ ಬಡಮಕ್ಕಳಿಗಾಗಿ ಕೆಲಸಕ್ಕೆ ತೊಡಗಿ, ಅನುತಾಯಿ ವಾಘರೊಡನೆ ಮುಂದೆ ಕೋಸಬಾಡದ ವಾರಲಿ ಮಕ್ಕಳ ನಡುವೆ ನೆಲೆಸಿದಾಗ, ಶಾಲೆಗೆ ಬಾರದ ಮಕ್ಕಳನ್ನು ದೂಷಿಸಲಿಲ್ಲ. ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಎಣ್ಣೆಯ ಡಬ್ಬಿ, ಬೀಜ, ಚಿಪ್ಪು, ಎಲೆಗಳೇ ಸಾಧನಗಳಾದವು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲ ಕೇಂದ್ರಗಳು ತೆರೆದಾಗ, ಆ ಅಂಗಳದ ನೆನಪೇ ಹೆಸರಾಗಿ ಉಳಿದಿತ್ತು.

ಮಾಸ್ತರರು: ಅಂಗಳವೆಂದೊಡನೆ ನನಗೆ 2019ರ ಆಗಸ್ಟ್ ನೆನಪಾಗುತ್ತದೆ. ಘಟಪ್ರಭೆಯ ಹೊಳೆ ಗೋಕಾಕದ ಓಣಿಗಳಿಗೆ ನುಗ್ಗಿ, ಲೋಳಸೂರಿನ ಸೇತುವೆ ಮುಳುಗಿದಾಗ, ಮನೆ ಕಳೆದುಕೊಂಡವರೆಲ್ಲ ಕಾಳಜಿ ಕೇಂದ್ರಗಳಲ್ಲಿ ಒಂದೇ ಜಮಖಾನೆಯ ಮೇಲೆ ಮಲಗಿದರು. ಹಿರಿಯರು ಎದೆ ಒಡೆದು ಕುಳಿತಿದ್ದಾಗ, ಎಲ್ಲ ಓಣಿಗಳ ಮಕ್ಕಳೂ ಕೂಡಿಕೊಂಡು ಹೊಳೆ ಬರುವ ಆಟವನ್ನಾಡುತ್ತಿದ್ದರು: ಒಬ್ಬನು ಹೊಳೆ, ಉಳಿದವರು ಬೆಂಚುಗಳ ಮೇಲೆ ಹತ್ತುವವರು, ಒಬ್ಬಳು ದೋಣಿ. ಕುರಿ ಕಾಯುವವರ ಮಗನೂ ಅಂಗಡಿಕಾರರ ಮಗಳೂ ಪಿಂಜಾರರ ಮೊಮ್ಮಗುವೂ ಒಂದೇ ಬೆಂಚಿನ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೂಗುತ್ತಿದ್ದುದನ್ನು ಕಂಡು, ಈ ದುಃಖದಲ್ಲಿ ಇಷ್ಟಾದರೂ ಲಾಭವಾಯಿತೆಂದು ಎಣಿಸಿದ್ದೆನು. ನೀರು ಇಳಿಯಿತು. ಎಲ್ಲರೂ ತಮ್ಮ ತಮ್ಮ ಓಣಿಗೆ ಹೋದರು. ಆ ಮಕ್ಕಳು ಮತ್ತೆ ಕೂಡಿದ್ದನ್ನು ನಾನು ಕಾಣಲಿಲ್ಲ.

ಅಕ್ಕನವರು: ಒಂದೆಡೆ ಇರುವುದರಿಂದಲೇ ಎಲ್ಲವೂ ಆಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಹೊಳೆ ಕೂಡಿಸಿದ್ದನ್ನು ಹಿರಿಯರು ಹಿಡಿದಿಟ್ಟುಕೊಳ್ಳಬೇಕಾಗಿತ್ತು.

ಮಾಸ್ತರರು: ಹಿರಿಯರ ಕೈವಾಡ ಎಲ್ಲಿಯವರೆಗೆ ಸಲ್ಲುತ್ತದೆಂಬುದೇ ನನಗೆ ತಿಳಿಯದು. ವಿವಿಯನ್ ಪೇಲಿ ಎಂಬ ಶಿಶುಶಿಕ್ಷಕಿ ಷಿಕಾಗೋದ ಶಾಲೆಯೊಂದರಲ್ಲಿ, ‘ನೀನು ಆಡಬೇಡ ಎಂದು ಯಾರೂ ಯಾರಿಗೂ ಹೇಳಕೂಡದು’ ಎಂಬ ಒಂದೇ ನಿಯಮವನ್ನು ಜಾರಿಗೆ ತಂದು, ಅದರ ಕಥೆಯನ್ನು 1992ರಲ್ಲಿ ಪುಸ್ತಕವಾಗಿ ಬರೆದಳೆಂಬುದನ್ನು ಓದಿದ್ದೇನೆ. ಆಕೆ ಮೇಲಿನ ತರಗತಿಗಳ ಮಕ್ಕಳನ್ನೂ ಕೇಳಿದಳು. ನ್ಯಾಯವೇನೋ ಸರಿ, ಆದರೆ ನಡೆಯುವುದು ಕಷ್ಟ ಎಂಬ ಭಾವವೇ ಅವರಲ್ಲಿ ಹೆಚ್ಚಾಗಿತ್ತು. ನನಗೆ ಆ ನಿಯಮ ಸರಿಬೀಳಲಿಲ್ಲ. ಆಟವೆಂದರೆ ಮಕ್ಕಳ ಸ್ವರಾಜ್ಯ. ಯಾರೊಡನೆ ಆಡಬೇಕೆಂಬುದನ್ನೂ ನಾವೇ ಕಾಯಿದೆಯಿಂದ ವಿಧಿಸಿದರೆ, ಅವರಿಗೆ ತಮ್ಮದೆಂದು ಉಳಿಯುವುದೇನು?

ಅಕ್ಕನವರು: ಆಡುವವರ ಸ್ವರಾಜ್ಯವನ್ನು ತಾವು ಎಣಿಸಿದಿರಿ, ಹೊರಗೆ ನಿಂತವನ ಸ್ವರಾಜ್ಯವನ್ನು ಎಣಿಸಲಿಲ್ಲ. ಪೇಲಿಯ ನಿಯಮವನ್ನು ನಾನು ಇದ್ದಂತೆಯೇ ತರುವವಳಲ್ಲ. ನಮ್ಮ ಮಕ್ಕಳು ಕಾಯಿದೆಗಿಂತ ಮಾತಿಗೆ ಹೆಚ್ಚು ಬಗ್ಗುತ್ತಾರೆ. ಆದರೆ ಆಕೆ ಕಂಡ ಒಂದು ಸತ್ಯವನ್ನು ನಾನು ಬಿಡಲಾರೆನು: ಹೊರಗಿಡುವುದು ಅಭ್ಯಾಸವಾಗುವ ಮೊದಲೇ, ಎಂದರೆ ಐದಾರು ವರ್ಷದೊಳಗಾಗಿಯೇ, ಅದನ್ನು ತಡೆಯಬೇಕು. ಮನೆಯಾಟದ ಮಾತನ್ನೇ ತೆಗೆದುಕೊಳ್ಳಿರಿ. ನಮ್ಮ ಈ ತಾಲ್ಲೂಕುಗಳಲ್ಲಿ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಎಷ್ಟು ಜನ ಬೆಳೆದರೆಂಬುದನ್ನು ತಾವು ಶಾಲೆಯ ದಾಖಲೆಗಳಲ್ಲಿ ಕಂಡಿದ್ದೀರಿ. 1982ರ ಕಾನೂನು ಆ ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ಘಟಪ್ರಭೆ ಊರಿನಲ್ಲಿ ಆ ತಾಯಂದಿರೇ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡು, ಹೊಸದಾಗಿ ಯಾರಿಗೂ ಮುತ್ತು ಕಟ್ಟದಂತೆ ಹಳ್ಳಿಹಳ್ಳಿ ಕಾದರು. ಆದರೆ ಆಟದಲ್ಲಿ ಪದ್ಧತಿಯ ನೆರಳು ಬೇರೆ ಬಗೆಯಲ್ಲಿ ಬೀಳುತ್ತದೆ. ಮನೆಯಾಟದಲ್ಲಿ ಒಬ್ಬನು ಅಪ್ಪ, ಒಬ್ಬಳು ಅವ್ವ. ಅಪ್ಪನಿಲ್ಲದ ಮನೆ ಮನೆಯೇ ಅಲ್ಲವೆಂದು ಒಂದು ಕೂಸು ಇನ್ನೊಂದಕ್ಕೆ ಹೇಳಿಬಿಟ್ಟಿತು. ಹೇಳಿದ ಕೂಸಿಗೆ ಕೇಡಿನ ಉದ್ದೇಶವಿರಲಿಲ್ಲ. ಕೇಳಿದ ಕೂಸು ತನ್ನ ತಟ್ಟೆ ಲೋಟಗಳನ್ನು ಎತ್ತಿಕೊಂಡು ಮೂಲೆಗೆ ಹೋಯಿತು.

ಮಾಸ್ತರರು: ಆಗ?

ಅಕ್ಕನವರು: ಆಗ ಸುಮ್ಮನಿರುವುದು ನನ್ನಿಂದಾಗಲಿಲ್ಲ, ಸುಮ್ಮನಿರಬಾರದೆಂದೇ ಈಗಲೂ ನಂಬಿದ್ದೇನೆ. ನಾನು ಅಜ್ಜಿಯಾಗಿ ಕೋಲೂರಿಕೊಂಡು ಆಟದೊಳಗೆ ಹೋದೆನು. ‘ನಾನು ಈ ಕೂಸಿನ ಮನೆಯ ಅಜ್ಜಿ, ನಮ್ಮ ಮನೆಯಲ್ಲಿ ನಾನು, ಅವ್ವ, ಚಿಗವ್ವ, ಒಂದು ಎಮ್ಮೆ ಇದ್ದೇವೆ, ಎಮ್ಮೆ ಕರೆಯುವ ಹೊತ್ತಾಯಿತು, ಹಾಲು ಬೇಕಾದವರು ತಂಬಿಗೆ ತನ್ನಿರಿ’ ಎಂದೆನು. ತಂಬಿಗೆಗಳು ಸಾಲಾಗಿ ಬಂದವು. ಬಂದವರು ತಮ್ಮ ತಮ್ಮ ಮನೆಯಲ್ಲಿ ಯಾರಿದ್ದಾರೆಂದು ಹೇಳತೊಡಗಿದರು: ಒಬ್ಬನ ತಂದೆ ಗೋವೆಗೆ ದುಡಿಯಲು ಹೋಗಿ ವರ್ಷವಾಗಿತ್ತು, ಒಬ್ಬಳು ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದಳು, ಒಬ್ಬನಿಗೆ ಇಬ್ಬರು ಅವ್ವಂದಿರು. ಪೂರ್ಣವಾದ ಮನೆಯೆಂದು ಅಷ್ಟು ಹೊತ್ತು ಆಡುತ್ತಿದ್ದ ಮನೆ, ಅಲ್ಲಿದ್ದ ಬಹುಮಂದಿ ಮಕ್ಕಳ ಮನೆಯಾಗಿರಲೇ ಇಲ್ಲ. ವೈವಿಧ್ಯವನ್ನು ನಾವು ಹೊರಗಿನಿಂದ ತಂದು ತೋರಿಸಬೇಕಾಗಿಲ್ಲ, ಮಾಸ್ತರರೇ. ಅದು ಆಗಲೇ ಜಮಖಾನೆಯ ಮೇಲೆ ಕುಳಿತಿರುತ್ತದೆ. ವರ್ಷಕ್ಕೊಮ್ಮೆ ಒಬ್ಬನಿಗೆ ಟೊಪ್ಪಿಗೆ, ಒಬ್ಬನಿಗೆ ಶಿಲುಬೆ, ಒಬ್ಬನಿಗೆ ಪೇಟ ತೊಡಿಸಿ ಫೋಟೋ ತೆಗೆಯುವ ವೇಷಭೂಷಣದ ದಿನವನ್ನು ನಾನು ಮೆಚ್ಚದಿರುವುದು ಇದಕ್ಕಾಗಿಯೇ.

ಮಾಸ್ತರರು: ತಾವು ಆಟದೊಳಗೆ ಹೋದಿರಿ, ಆಟದ ಮೇಲೆ ಹೋಗಲಿಲ್ಲ. ಇಷ್ಟರ ಮಟ್ಟಿಗೆ ಹಿರಿಯರ ಪ್ರವೇಶವನ್ನು ಒಪ್ಪುತ್ತೇನೆ. ನಿಯಮದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಲಿಲ್ಲ.

ಅಕ್ಕನವರು: ಬದಲಾಗಬೇಕಿಲ್ಲ. ಈಗ ತಮ್ಮಿಂದ ಒಂದು ಉಪಕಾರ ಬೇಕಾಗಿದೆ. ಮರದ ಗೊಂಬೆ ಕೆತ್ತುವ ಗೋಕಾಕದ ಜೀನಗಾರರ ಪರಿಚಯ ತಮಗುಂಟು. ನಮ್ಮ ಕೇಂದ್ರಗಳಿಗೆ ಬರುವ ಪ್ಲಾಸ್ಟಿಕ್ಕಿನ ಗೊಂಬೆಗಳೆಲ್ಲ ಬಿಳಿಚರ್ಮದವು, ಹಳದಿ ಕೂದಲಿನವು. 1940ರ ಆಸುಪಾಸಿನಲ್ಲಿ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕರಿಯ ದಂಪತಿಗಳು, ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ಒಂದೇ ತೆರನಾದ ನಾಲ್ಕು ಗೊಂಬೆಗಳನ್ನು ಮೂರರಿಂದ ಏಳು ವರ್ಷದ ಕರಿಯ ಮಕ್ಕಳ ಮುಂದಿಟ್ಟು, ಯಾವುದು ಚೆಲುವಾದುದು, ಯಾವುದು ಕೆಟ್ಟುದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯನ್ನು ಮೆಚ್ಚಿ, ತಮ್ಮ ಬಣ್ಣದ್ದನ್ನೇ ಕೆಟ್ಟುದೆಂದರು. ಕಪ್ಪುಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆಗಳಿರಕೂಡದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಕೊಟ್ಟ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಕೆಲಸದ ಉಲ್ಲೇಖವಿದೆ. ನಮ್ಮ ಮಕ್ಕಳ ಮುಂದೆ ಆ ಪರೀಕ್ಷೆಯನ್ನಿಡುವ ಧೈರ್ಯ ನನಗಿಲ್ಲ. ‘ಕರಿಯವ್ವ’ ಎಂದು ಕರೆಸಿಕೊಳ್ಳುವ ಕೂಸು ಯಾವ ಗೊಂಬೆಯನ್ನು ಎತ್ತಿಕೊಂಡೀತೆಂಬುದು ನನಗೆ ಗೊತ್ತು.

ಮಾಸ್ತರರು: ಮರದ ಮಾವಿನಹಣ್ಣನ್ನು ನಿಜವೆಂದು ಕೈನೀಡುವಂತೆ ಮಾಡುವ ಕೈಗಳು ಅವರವು, ಮನುಷ್ಯರ ಬಣ್ಣ ಅವರಿಗೆ ತಿಳಿಯದೆಂದಲ್ಲ. ಆದರೆ ಕೊಳ್ಳುವವರು ಗೌರವರ್ಣವನ್ನೇ ಕೇಳುತ್ತಾರೆ. ತಮಗೆ ಎಂಥವು ಬೇಕು?

ಅಕ್ಕನವರು: ನಾಲ್ಕೈದು ಮಣ್ಣಿನ ಬಣ್ಣಗಳಲ್ಲಿ ಬೇಕು: ಎರೆಮಣ್ಣಿನ ಕಪ್ಪು, ಮಸಾರಿಯ ಕೆಂಪು, ಗೋಧಿಯ ಬಣ್ಣ. ಒಬ್ಬ ಅಜ್ಜಿ, ಒಬ್ಬ ಅಡುಗೆ ಮಾಡುವ ಗಂಡಸು, ಟ್ರ್ಯಾಕ್ಟರಿನ ಮೇಲೆ ಕೂಡಬಲ್ಲ ಹೆಂಗಸು, ಕನ್ನಡಕದ ಕೂಸು, ಊರುಗೋಲಿನ ಹುಡುಗಿ.

ಮಾಸ್ತರರು: ಒಂದು ಮಾತು ಹೇಳಲೇ? ಊರುಗೋಲನ್ನು ಆ ಹುಡುಗಿಯ ಕೈಗೆ ಅಂಟಿಸಿಬಿಟ್ಟರೆ, ಅವಳು ಎಂದಿಗೂ ಊರುಗೋಲಿನ ಹುಡುಗಿಯೇ ಆಗಿ ಉಳಿಯುತ್ತಾಳೆ. ಮಕ್ಕಳು ಅವಳನ್ನು ರೋಗಿಯನ್ನಾಗಿ ಮಾತ್ರ ಆಡಿಸುತ್ತಾರೆ. ಕೋಲು ಬೇರೆಯಾಗಿರಲಿ. ಎಲ್ಲ ಗೊಂಬೆಗಳ ಬಲಗೈಯಲ್ಲಿಯೂ ಒಂದೇ ಅಳತೆಯ ತೂತು ಇರಲಿ. ಕೋಲು ಯಾರ ಕೈಗೂ ಕೂಡಲಿ. ಇಂದು ಅಜ್ಜಿಗೆ, ನಾಳೆ ಕುರುಬನಿಗೆ, ನಾಡಿದ್ದು ಆ ಹುಡುಗಿಗೆ.

ಅಕ್ಕನವರು: ಮತ್ತು ಟ್ರ್ಯಾಕ್ಟರಿನ ಆಸನದಲ್ಲಿ ಎಲ್ಲರೂ ಕೂಡುವಂತಿರಲಿ, ಕೋಲು ಹಿಡಿದವರೂ. ತೂತಿನ ಅಳತೆಯನ್ನು ಮಾತ್ರ ಎಳೆಯ ಬೆರಳು ಸಿಕ್ಕಿಕೊಳ್ಳದಷ್ಟು ಸಣ್ಣದಾಗಿ ಇಡಲು ಹೇಳಿರಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಕೋಲು ಗೇಣುದ್ದಕ್ಕೆ ಕಡಮೆಯಿರಕೂಡದು, ಬಣ್ಣವೂ ನಿರಪಾಯಕರವಾದುದಾಗಿರಬೇಕು.

ಮಾಸ್ತರರು: ಗುರುವಾರ ಅವರ ಓಣಿಗೆ ಹೋಗಿ ಬರುತ್ತೇನೆ. ಮೊದಲು ಒಂದು ಜೊತೆ ಮಾಡಿಸಿ, ತಮ್ಮ ಬಿಲ್ಲೆಯ ಹುಡುಗಿಯ ಕೈಗೆ ಕೊಟ್ಟು ನೋಡೋಣ. ಏನು ಸರಿಯಿಲ್ಲವೆಂಬುದನ್ನು ಆಕೆ ಹೇಳಿದ ಮೇಲೆ ಉಳಿದವನ್ನು ಕೆತ್ತಲಿ.